ಜಾವಾಕ್ಕೊಂದು ಎಡಿಟರ್

ಕಂಪ್ಯೂಟರಿನೊಡನೆ ಜಗಳ ಶುರುವಾದದ್ದು ಒಂದು ಬಾಲದಿಂದ. ಎರಡು ಸಾವಿರದ ಎರಡನೇ ಇಸವಿ. ಗೋಕಾಕದ ಖಾಸಗಿ ಕಂಪ್ಯೂಟರ್ ಕಾಲೇಜಿನಲ್ಲಿ ಜಯಪಾಲ ಹೊಸದಾಗಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದ. ಅಂದು ಮಧ್ಯಾಹ್ನ ಮೂರಕ್ಕೆ ಪ್ರಿನ್ಸಿಪಾಲ್ ಅಣ್ಣಪ್ಪನವರು ಅವನ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ನೌಕರಿ ಕಾಯಂ.

ಆದರೆ ನೋಟ್‌ಪ್ಯಾಡಿನಲ್ಲಿ ಬರೆದ ಪ್ರೋಗ್ರಾಮು ಜಪ್ಪಯ್ಯ ಅಂದರೂ ಓಡಲೊಲ್ಲದು. ಸೇವ್ ಮಾಡಿದಾಗಲೆಲ್ಲ ಫೈಲಿನ ಹೆಸರಿಗೆ ‘ಟಿಎಕ್ಸ್‌ಟಿ’ ಎಂಬ ಬಾಲ ಗುಟ್ಟಾಗಿ ಅಂಟಿಕೊಳ್ಳುತ್ತಿತ್ತು. ಬಾಲ ಕಂಡ ಜಾವಾ, ಸಾಲ ಕೇಳಲು ಬಂದ ಬೀಗರನ್ನು ಕಂಡವರಂತೆ ಗುರುತೇ ಇಲ್ಲ ಎನ್ನುತ್ತಿತ್ತು.

“ಅದರಾಗ ಯಾಕ ಬರೀತೀರಿ ಸರ್? ವರ್ಡ್‌ನ್ಯಾಗ ಬರೀರಿ. ತಾನೇ ತಿದ್ದತೈತಿ,” ಎಂದಳು ಟೈಪಿಸ್ಟ್ ಭಾಗ್ಯಾ.

ತಿದ್ದಿತು. ಸಾಲಿನ ಮೊದಲಕ್ಷರಗಳನ್ನು ದೊಡ್ಡದು ಮಾಡಿತು, ನೆಟ್ಟಗಿದ್ದ ಉದ್ಧರಣ ಚಿಹ್ನೆಗಳನ್ನು ಪೈಲ್ವಾನರ ಮೀಸೆಯಂತೆ ತಿರುವಿತು, ಮೂವತ್ತೆರಡು ಕಡೆ ಕೆಂಪು ಗೆರೆ ಎಳೆಯಿತು.

ಕ್ಯಾಶಿಯರ್ ದುಂಡಪ್ಪ ಇಣುಕಿದ. “ವೈರಸ್ ಬಡದೈತ್ರಿ ಇದಕ್ಕ!” ಎಂದವನೇ, ಯಾರೂ ತಡೆಯುವ ಮೊದಲೇ ಪ್ಲಗ್ ಕಿತ್ತ.

“ದುಂಡಪ್ಪ ಕಾಕಾ! ಸೇವ್ ಮಾಡಿದ್ದಿಲ್ಲರಿ!” ಜಯಪಾಲ ಚೀರಿದ.

“ಈಗ ನೋಡ್ರಿ, ಒಂದರೆ ಕೆಂಪ ಗೆರಿ ಐತೇನು?”

ಇಬ್ಬರನ್ನೂ ಹೊರದಬ್ಬಿ ಜಯಪಾಲ ಒಳಗಿನಿಂದ ಅಗಳಿ ಹಾಕಿ, ಪ್ಲಗ್ ಮತ್ತೆ ಚುಚ್ಚಿದ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿಡಿಯಲ್ಲಿ ಪ್ರೋಗ್ರಾಮು ಬರೆಯಲೆಂದೇ ಮಾಡಿದ ಎಡಿಟರ್ ಒಂದಿತ್ತು. ಬುತ್ತಿಯ ರೊಟ್ಟಿ ಒಣಗುತ್ತಿದ್ದರೂ ಅವನು ಏಳಲಿಲ್ಲ. ಜಾವಾ ಎಲ್ಲಿದೆಯೆಂದು ಎಡಿಟರಿಗೆ ತೋರಿಸಿದ, ಪದಗಳಿಗೆ ಬಣ್ಣ ಕೊಟ್ಟ, ಒಂದೇ ಗುಂಡಿ ಒತ್ತಿದರೆ ಪ್ರೋಗ್ರಾಮು ಓಡುವಂತೆ ಜೋಡಿಸಿದ. ಮೂರಕ್ಕೆ ಐದು ನಿಮಿಷ ಇರುವಾಗ ಪರದೆಯ ಮೇಲೆ ‘ನಮಸ್ಕಾರ’ ಮೂಡಿತು. ಜಯಪಾಲ ಕಂಪ್ಯೂಟರಿಗೇ ತಿರುಗಿ ನಮಸ್ಕರಿಸಿದ.

ಪ್ರಿನ್ಸಿಪಾಲರು ಬಂದರು. ಜಯಪಾಲ ಒಂದು ಸಾಲಿನ ಕೊನೆಗೆ ಇರಬೇಕಾದ ಅರ್ಧವಿರಾಮವನ್ನು ಬೇಕೆಂತಲೇ ಹಾಕದೆ ಗುಂಡಿ ಒತ್ತಿದ. ಆ ಸಾಲು ಕೆಂಪಾಯಿತು.

“ಎಲ್ಲಿ ತಪ್ಪೈತಿ, ಏನ್ ತಪ್ಪೈತಿ, ಎಲ್ಲಾ ಇದೇ ಹೇಳತೈತ್ರಿ ಸರ್. ಹುಡುಗರು ನನ್ನ ಕೇಳೂ ಪ್ರಸಂಗನ ಬರೂದಿಲ್ಲ.”

“ಖರೇನ? ನಿಮ್ಮನ್ನ ಕೇಳೂದೇ ಬ್ಯಾಡ?”

“ಬ್ಯಾಡೇ ಬ್ಯಾಡ್ರಿ!” ಜಯಪಾಲನ ಎದೆ ಉಬ್ಬಿತು.

“ಶಾಬ್ಬಾಸ್!” ಅಣ್ಣಪ್ಪನವರು ಬೆನ್ನು ತಟ್ಟಿದರು. “ಹಂಗಾರ ನಾಳಿಂದ ಈ ಕ್ಲಾಸಿಗೆ ದುಂಡಪ್ಪ ಕುಂತರ ಸಾಕು. ನೀವು ನಮ್ಮ ಮೂಡಲಗಿ ಶಾಖೆಗೆ ನಡೀರಿ.”

ಜಯಪಾಲ ಸಿಡಿ ಎತ್ತಿಕೊಂಡ. “ಅಲ್ಲೀ ಕಂಪ್ಯೂಟರಿಗೂ ಇದನ್ನ ಹಾಕಬೇಕೇನ್ರಿ ಸರ್?”

“ಅಲ್ಲಿ ಕಂಪ್ಯೂಟರ್ ಇನ್ನೂ ಬಂದಿಲ್ರಿ,” ಎಂದರು ಪ್ರಿನ್ಸಿಪಾಲರು. “ಬರೂಮಟ ಬಾಗಲಾ ಕಾಯಾಕ ಒಬ್ಬ ನಂಬಿಗಸ್ತ ಮನಷ್ಯಾ ಬೇಕಾಗಿತ್ತು.”