ಕಿಟಕಿಗೆ ಬಂದ ಪೊರೆ

ರೈಟಣ್ಣ ಸೋಮವಾರ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಸಂಜೆ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ, ನೋವು ಗೊತ್ತಾಗಿರಲಿಕ್ಕಿಲ್ಲ ಅಂದರು ಡಾಕ್ಟರು. ಅದೊಂದು ಸಮಾಧಾನ.

ಬಸ್ ಕಂಡಕ್ಟರಾಗಿದ್ದು ಆಯುಷ್ಯವೆಲ್ಲ 'ರೈಟ್, ರೈಟ್' ಅಂತ ಕೂಗಿದ್ದಕ್ಕೆ ಸಿಕ್ಕ ಹೆಸರು ಅದು. ಮಂಗಳವಾರ ಅವರ ಮನೆಗೆ ಹೋದವರೆಲ್ಲ ಮೊದಲು ಅತ್ತರು, ಆಮೇಲೆ ಮುಂದಿನ ಕೋಣೆಯ ಕಿಟಕಿ ನೋಡಿ ನಕ್ಕರು. ಆ ಕಿಟಕಿಯ ಕಥೆ ಹೇಳಿ ನಗು ಶುರುಮಾಡಿದ್ದು ಅವರ ಹೆಂಡತಿಯೇ, ನಮಗೆಲ್ಲ ಅತ್ತಿಗೆ. ಅವರೇ ನಕ್ಕ ಮೇಲೆ ನಾನು ಬರೆದರೆ ತಪ್ಪಿಲ್ಲ.

ಅತ್ತಿಗೆಯ ಬಲಗಣ್ಣಿಗೆ ಪೊರೆ ಬಂದಿತ್ತು. ತೆಗೆಸಿದ್ದಾಯಿತು. ಕೆಲವು ವಾರ ಬಿಸಿಲು ಕಣ್ಣಿಗೆ ಹೊಡೆಯಬಾರದು ಅಂದರು ಡಾಕ್ಟರು. ಆದರೆ ಆ ಮನೆಯ ಮುಂದಿನ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನವಾದರೆ ಸೂರ್ಯ ನೆಂಟನ ಹಾಗೆ ಒಳಗೇ ಬಂದು ಕೂರುತ್ತಾನೆ. ಅತ್ತಿಗೆ ಆಸ್ಪತ್ರೆಯಿಂದ ನೇರ ತಂಗಿಯ ಮನೆಗೆ ಹೋದರು.

"ಒಂದು ದಪ್ಪ ಪರದೆ ಹಾಕಿಬಿಡ್ತೀನಿ, ಬಂದುಬಿಡು" ಅಂದರು ರೈಟಣ್ಣ.

"ನಾನು ಕಣ್ಣು ರಿಪೇರಿ ಮಾಡಿಸ್ಕೊಂಡಿದ್ದು ಪರದೆ ನೋಡೋಕಾ? ನನಗೆ ಬೀದಿ ಕಾಣ್ಬೇಕು, ಬಿಸಿಲು ಬೀಳ್ಬಾರದು. ಕಿಟಕಿಗೆ ಒಂದು ಗತಿ ಕಾಣಿಸಿ, ಆಮೇಲೆ ಕರೀರಿ."

ಬೀದಿ ಕಾಣಬೇಕು, ಬಿಸಿಲು ಬೀಳಬಾರದು! ರೈಟಣ್ಣ ಗಾಜಿನ ಅಂಗಡಿಗೆ ಹೋಗಿ ಗಾಜಿಗೆ ಅಂಟಿಸುವ ಫಿಲ್ಮು ತಂದರು. ಹೊಗೆಬಣ್ಣದ, ಎಳೆದರೆ ಕಿರುಗುಟ್ಟುವ ಹಾಳೆ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಅದರ ಮಹಿಮೆ ಹೇಳಿದರು. ಝಳ ತಡೆಯುತ್ತದೆ, ಕುರ್ಚಿಯ ಬಟ್ಟೆ ಮಾಸದ ಹಾಗೆ ಕಾಯುತ್ತದೆ, ಗಾಜು ಒಡೆದರೂ ಚೂರು ಹಾರದ ಹಾಗೆ ಹಿಡಿದುಕೊಳ್ಳುತ್ತದೆ! ಅಂಟಿಸಲು ಆಳು ಕಳಿಸುತ್ತೇನೆ ಅಂದ ಅಂಗಡಿಯವನಿಗೆ ಹೀಗಂದಿದ್ದರಂತೆ:

"ಐವತ್ತು ಜನ ಕೂರೋ ಬಸ್ಸಿಗೆ ನೂರು ಜನ ತುಂಬಿದವನು ಕಣಪ್ಪಾ ನಾನು. ಒಂದು ಹಾಳೇನ ಒಂದು ಗಾಜಿಗೆ ಕೂರಿಸೋಕೆ ಆಗಲ್ವಾ?"

ಸಹಾಯಕ್ಕೆ ಬಂದವನು ಪಕ್ಕದ ಬೀದಿಯ ಕ್ಷೌರದಂಗಡಿಯ ಗೆಳೆಯ. ಎಲ್ಲರ ಬಾಯಲ್ಲೂ ಅವನು ಕತ್ತರಿ. ತಲೆಗೆ ನೀರು ಚಿಮುಕಿಸುವ ಬಾಟಲಿ ಹಿಡಿದು ಬಂದ. ಫಿಲ್ಮು ಕೂರಿಸುವ ಮೊದಲು ಗಾಜನ್ನು ಸೋಪು ನೀರಲ್ಲಿ ನೆನೆಸಬೇಕಂತೆ.

"ನೀರಿಗೆ ಸೋಪು ಎಷ್ಟು ಬೇಕು?"

"ಧಾರಾಳವಾಗಿ ಹಾಕು. ನಿನ್ನ ಅತ್ತಿಗೆಗೆ ಮಾಡ್ತಿರೋ ಕೆಲಸ, ಜಿಪುಣತನ ಬೇಡ."

ಎರಡು ಹನಿ ಹಾಕಬೇಕಾದಲ್ಲಿ ಕತ್ತರಿ ಅರ್ಧ ಬಾಟಲಿ ಶಾಂಪೂ ಸುರಿದ. ನಾಲ್ಕು ಸಲ ಒತ್ತುವಷ್ಟರಲ್ಲಿ ಕಿಟಕಿ ದಾಡಿಗೆ ಕೂತ ಗಿರಾಕಿಯ ಹಾಗೆ ನೊರೆಯಲ್ಲಿ ಮುಳುಗಿತು. ನೊರೆ ತೊಳೆದರು. ನೆಲವೆಲ್ಲ ನೀರು. ಒಣಗಲಿ ಅಂತ ಫ್ಯಾನ್ ಹಾಕಿದರು. ಹಾಕಿದ್ದನ್ನು ಮರೆತರು!

ಫಿಲ್ಮಿನ ಹಿಂದಿನ ತೆಳು ಹಾಳೆ ಸುಲಿದದ್ದೇ ತಡ, ಅಂಟಿನ ಮೈ ಬಿಚ್ಚಿಕೊಂಡ ಫಿಲ್ಮು ಫ್ಯಾನಿನ ಗಾಳಿಗೆ ಮೇಲೆದ್ದಿತು. ಒಂದು ಸುತ್ತು ಹಾಕಿ, ರೈಟಣ್ಣನ ತಲೆಯಿಂದ ಸೊಂಟದವರೆಗೆ ಅಪ್ಪಿಕೊಂಡಿತು.

"ರೈಟಣ್ಣಾ! ಉಸಿರಾಡ್ತಿದ್ದೀಯಾ?" ಕತ್ತರಿ ಕಿರುಚಿದ.

ಒಳಗಿನಿಂದ ಗಂಭೀರವಾಗಿ ಉತ್ತರ ಬಂತು: "ಬಿಸಿಲು ನಿಜವಾಗ್ಲೂ ಕಮ್ಮಿಯಾಗಿದೆ ಕಣೋ!"

ಆ ಹಾಳೆ ಹೋಯಿತು. ಅದರ ಜೊತೆ ಎಡಹುಬ್ಬಿನ ಕೂದಲೂ ಒಂದಷ್ಟು ಹೋಯಿತು. ಪುಣ್ಯಕ್ಕೆ ಇನ್ನೊಂದು ಹಾಳೆ ತಂದಿದ್ದರು. ಈ ಸಲ ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು, ನೆನೆದ ಗಾಜಿನ ಮೇಲೆ ಕೂರಿಸಿದರು. ಕೂತಿತು! ಅಂಚಿಗೆ ಅಂಚು ಸರಿಯಾಗಿ! ಇನ್ನು ಉಳಿದದ್ದು ಒಳಗೆ ಸಿಕ್ಕಿಕೊಂಡ ಗುಳ್ಳೆಗಳು. ರಬ್ಬರ್ ಪಟ್ಟಿಯಿಂದ ಒತ್ತಿ ಅವನ್ನು ಓಡಿಸಬೇಕು.

ಇಲ್ಲಿ ರೈಟಣ್ಣನ ಆಯುಷ್ಯದ ಅಭ್ಯಾಸ ಕೈಗೆ ಬಂತು. ಬಸ್ಸಿನ ಬಾಗಿಲ ಹತ್ತಿರ ಗುಂಪುಗಟ್ಟಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪಟ್ಟಿ ಹಿಡಿದು ಗಾಜಿನ ಅಂಚಿನಿಂದ ಶುರುಮಾಡಿದರು.

"ಒಳಗೆ ನಡೀರಿ, ಒಳಗೆ ನಡೀರಿ! ಮಧ್ಯೆ ಜಾಗ ಇದೆ! ಅಂಚಲ್ಲಿ ನಿಲ್ಬೇಡಿ!"

ಗುಳ್ಳೆಗಳು ಒಳ್ಳೆಯ ಪ್ರಯಾಣಿಕರ ಹಾಗೆ ಒಳಗೆ ನಡೆದವು. ಎಡದವು, ಬಲದವು, ಮೇಲಿನವು, ಕೆಳಗಿನವು, ಎಲ್ಲ ಮಧ್ಯಕ್ಕೆ ಬಂದು ಒಂದಾದವು. ಅಂಚು ಕನ್ನಡಿಯಂತೆ ನುಣುಪು. ನಟ್ಟನಡುವೆ ಒಂದು ಕುಂಬಳಕಾಯಿ!

"ಇದು ಇನ್ನೆಲ್ಲಿಗೆ ಹೋಗ್ಬೇಕು?" ಕತ್ತರಿ ಕೇಳಿದ.

ರೈಟಣ್ಣ ಕುಂಬಳಕಾಯಿಯ ಮೇಲೆ ಕೈಯಾಡಿಸಿದರು. ಅದು ಆಚೆಗೆ ಜಾರಿ, ಕೈ ತೆಗೆದೊಡನೆ ಮತ್ತೆ ಬಂದು ಕೂತಿತು.

ಅಷ್ಟರಲ್ಲಿ ಗೇಟಿನ ಸದ್ದು. ತಂಗಿಯ ಮನೆಯಲ್ಲಿ ಬೇಸರ ಬಂದು ಅತ್ತಿಗೆ ಹೇಳದೆ ಕೇಳದೆ ಬಂದುಬಿಟ್ಟಿದ್ದರು! ರೈಟಣ್ಣ ಗೋಡೆಯ ಕ್ಯಾಲೆಂಡರ್ ಕಿತ್ತು ಕಿಟಕಿಯ ಚಿಲಕಕ್ಕೆ ನೇತುಹಾಕಿದರು. ಕಪ್ಪು ಕನ್ನಡಕ ಹಾಕಿದ ಅತ್ತಿಗೆ ಬಾಗಿಲಲ್ಲೇ ನಿಂತರು.

"ಕ್ಯಾಲೆಂಡರ್ ಯಾಕ್ರೀ ಕಿಟಕಿ ಮೇಲಿದೆ?"

"ತಾರೀಖು ನೋಡೋಕೆ ಬೆಳಕು ಬೇಕಲ್ವಾ?"

"ನಿಮ್ಮ ಹುಬ್ಬೆಲ್ಲಿ?"

ರೈಟಣ್ಣ ಕತ್ತರಿ ಕಡೆ ನೋಡಿದರು. ಅವನು ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಸೂರು ನೋಡುತ್ತಿದ್ದ. ಅತ್ತಿಗೆ ಹೋಗಿ ಕ್ಯಾಲೆಂಡರ್ ಎತ್ತಿದರು.

"ಭಲೇ! ನನ್ನ ಕಣ್ಣಿನ ಪೊರೆ ತೆಗೆಸಿ, ಕಿಟಕಿಗೆ ಪೊರೆ ಬರಿಸಿದ್ದೀರಿ! ಅದೂ ಬಲಿತಿದೆ!"

"ಎಲ್ರನ್ನೂ ಒಳಗೆ ಕಳಿಸ್ದೆ ಕಣೇ. ಅಂಚಿಂದ ಹಿಡಿದು ಒಬ್ಬರನ್ನೂ ಬಿಡಲಿಲ್ಲ."

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತರು. ನಗಬಾರದು, ಕಣ್ಣಿಗೆ ಒತ್ತಡವಾಗುತ್ತದೆ. "ಅಲ್ಲಾ, ಇಷ್ಟು ವರ್ಷ ಜನರನ್ನ ಹತ್ತಿಸಿದ್ರಲ್ಲಾ, ಒಂದು ದಿನವೂ ಇಳಿಸಲಿಲ್ವಾ? ಹಾಳೇನ ಅರ್ಧ ಎತ್ತಿ. ನೀರು ಹೊಡೀರಿ. ಮಧ್ಯದಿಂದ ಒತ್ತಿ, ಅಂಚಿನ ಕಡೆಗೆ. ಹಾಂ, ಇಳಿಯೋರು ಇಳೀಲಿ!"

ಇಳಿದರು. ಫುಸ್ ಅಂತ ಕುಂಬಳಕಾಯಿ ಅಂಚಿನಿಂದ ಹೊರಗೆ ಹೋಯಿತು. ಬೀದಿ ಕಂಡಿತು, ಬಿಸಿಲು ಮೆತ್ತಗಾಯಿತು. ಕತ್ತರಿ ಚಪ್ಪಾಳೆ ತಟ್ಟಿದ.

ಆದರೆ ಗಾಜಿನಲ್ಲಿ ಅಲ್ಲಲ್ಲಿ ಮಂಜು ಕವಿದಂತೆ ಉಳಿಯಿತು. ಒಳಗೆ ಉಳಿದ ನೀರು ಅದು, ತಾನಾಗಿ ಒಣಗುತ್ತದೆ, ಒಂದು ತಿಂಗಳು ಮುಟ್ಟಬೇಡಿ, ಒರೆಸಬೇಡಿ, ಗಾಜು ತೊಳೆಯುವ ಘಾಟು ನೀರಂತೂ ಎಂದಿಗೂ ಬೇಡ ಅಂತ ಅಂಗಡಿಯವನು ಹೇಳಿದ್ದ. ರೈಟಣ್ಣ ಕಾವಲಿಗೆ ನಿಂತರು. ಅತ್ತಿಗೆ ಬಟ್ಟೆ ಹಿಡಿದು ಎದ್ದರೆ ಸಾಕು, "ಹೋಲ್ಡಾನ್!" ಅಂತ ಕೂಗುತ್ತಿದ್ದರು. ಬೀದಿಯಲ್ಲಿ ಹೋಗುವವರೂ ನಿಂತುಬಿಡುತ್ತಿದ್ದರು.

ಒಂದು ಬೆಳಿಗ್ಗೆ ಅತ್ತಿಗೆ ಕುರ್ಚಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಇನ್ನೊಂದು. ರೈಟಣ್ಣ ಅದನ್ನು ಕಂಡರು.

"ಏನೇ?"

"ಮಂಜು ಕಿಟಕೀಲೇ ಇದೆಯಾ?"

"ಕಿಟಕೀಲೇ ಇದೆ. ನನಗೂ ಕಾಣ್ತಿದೆ."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ. ಕಣ್ಣು ಸರಿಹೋಗಿಲ್ಲ ಅಂದ್ರೆ ಹೋಗಿಲ್ಲ ಅನ್ನಿ."

ಅವತ್ತಿನಿಂದ ರೈಟಣ್ಣನ ನಗೆ ಅರ್ಧಕ್ಕಿಳಿಯಿತು. ಕತ್ತರಿಯನ್ನು ಕರೆದು ಸಾಕ್ಷಿ ಹೇಳಿಸಿದರು. ಡಾಕ್ಟರು ನೋಡಿ ಎಲ್ಲ ಸರಿಯಾಗಿದೆ ಅಂದರು. ಅತ್ತಿಗೆ ತಲೆಯಾಡಿಸಿದರು, ನಂಬಲಿಲ್ಲ. ಇನ್ನು ಉಳಿದ ದಾರಿ ಒಂದೇ, ಆ ಮಂಜು ಹೋಗಬೇಕು. ರೈಟಣ್ಣ ದಿನಾ ಬೆಳಿಗ್ಗೆ ಎದ್ದವರೇ ಹಲ್ಲುಜ್ಜುವ ಮೊದಲು ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಮಂಜು ಕರಗುತ್ತ ಬಂತು. ಮೇಲಿನ ಮೂಲೆ ತಿಳಿಯಾಯಿತು, ಆಮೇಲೆ ನಡುಭಾಗ.

ಆ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ರೈಟಣ್ಣ ಗಾಜಿಗೆ ಮುಖ ಒತ್ತಿ ಈ ಮೂಲೆಯಿಂದ ಆ ಮೂಲೆಯವರೆಗೆ ಹುಡುಕಿದರು. ತಿರುಗಿದಾಗ ಮುಖವೆಲ್ಲ ನಗು.

"ಮುಗೀತು ಕಣೇ! ಒಂದು ಚೂರೂ ಇಲ್ಲ!"

ಅತ್ತಿಗೆ ಕೋಣೆಯ ಆ ತುದಿಯ ಕುರ್ಚಿಯಿಂದ ನೋಡಿದರು. "ಇದೆ."

ರೈಟಣ್ಣ ಮತ್ತೆ ಗಾಜಿನ ಕಡೆ ತಿರುಗಿದರು. "ಎಲ್ಲಿ?"

"ಮಧ್ಯೆ, ಸ್ವಲ್ಪ ಎಡಕ್ಕೆ. ಬೆರಳ ತುದಿಯಷ್ಟು."

ನೋಡಿದರು. ಏನೂ ಇಲ್ಲ. ಬಗ್ಗಿ ನೋಡಿದರು. ಕನ್ನಡಕ ತೆಗೆದು ಓರೆಯಾಗಿ ನೋಡಿದರು. ಆಗ ಕಂಡಿತು, ಜಿಡ್ಡಿನ ಒಂದು ಸಣ್ಣ ಗುರುತು.

"ಅಯ್ಯೋ, ಇದು ನನ್ನ ಮೂಗು ಕಣೇ! ಈಗಷ್ಟೇ ಒತ್ತಿದ್ದು! ಇದು ಅಲ್ಲಿಗೆ ಕಾಣ್ತಾ ನಿನಗೆ?"

"ಕಾಣದೆ ಏನು? ಅಷ್ಟು ದೊಡ್ಡ ಮೂಗು!" ಅಂದವರು ಬಲಗಣ್ಣು ಮಾತ್ರ ತೆರೆದು ಇನ್ನೊಮ್ಮೆ ನೋಡಿದರು. "ಕಾಣ್ತಿದೆ ರೀ" ಅಂದರು, ಮೆಲ್ಲಗೆ. ಆಮೇಲೆ ಗಟ್ಟಿಯಾಗಿ: "ಹಲ್ಲು ಬಿಡ್ತಾ ನಿಂತ್ಕೋಬೇಡಿ. ಒರೆಸಿ ಮೊದಲು."

ರೈಟಣ್ಣ ಮೆತ್ತನೆಯ ಹತ್ತಿಬಟ್ಟೆಯನ್ನು ಸೋಪು ನೀರಲ್ಲಿ ಅದ್ದಿ ಹಿಂಡಿ, ಗಾಜಿನ ಮೇಲಿದ್ದ ತಮ್ಮ ಮೂಗಿನ ಗುರುತನ್ನು ಒರೆಸಿದರು.