ಖಾಲಿ ವಿಮಾನದೊಳಗೆ ಯಾರೋ ಇದ್ದಾರೆ

ಯರಗಟ್ಟಿಯ ಆಚೆ, ಜೋಳದ ಹೊಲಗಳ ನಡುವೆ, ನಮ್ಮ ಮಾಲಕರ ಸ್ವಂತ ವಿಮಾನ ನಿಂತಿದೆ. ಏಳೆಂಟು ಜನ ಕೂಡುವ ಪುಟ್ಟ ಜೆಟ್ಟು. ಅದನ್ನು ಒಳಗೆ ಹೊರಗೆ ಒರೆಸಿ ಫಳಫಳ ಇಡುವುದು ನನ್ನ ಕೆಲಸ. ಹಾರುವುದು ಅಪರೂಪ, ತಗಡಿನ ಶೆಡ್ಡಿನಲ್ಲಿ ನಿಂತಿರುವುದೇ ಹೆಚ್ಚು. ಆದರೆ ಖಾಲಿ ವಿಮಾನ ಸುಮ್ಮನೆ ನಿಲ್ಲುವ ಜಾತಿಯದಲ್ಲ. ಆಗಾಗ ಏನಾದರೊಂದು ಮಾಡಿ ನಮ್ಮ ಎದೆ ಝಲ್ ಅನ್ನಿಸುತ್ತಲೇ ಇರುತ್ತದೆ.

ಹೆಜ್ಜೆ ಸಪ್ಪಳ

ಕೆಲಸಕ್ಕೆ ಸೇರಿದ ಹೊಸತು. ಮಧ್ಯಾಹ್ನ ವಿಮಾನವನ್ನು ಬಯಲಿಗೆ ಎಳೆಸಿ, ಇಂಜಿನ್ನಿನ ಮುಚ್ಚಳ ತೆಗೆದು ಅಂಚು ಒರೆಸುತ್ತಿದ್ದೆ. ಸುತ್ತ ನರಪಿಳ್ಳೆ ಇಲ್ಲ. ಇದ್ದಕ್ಕಿದ್ದಂತೆ ಒಳಗಿನಿಂದ ಟಕ್... ಟಕ್... ಟಕ್... ಯಾರೋ ಮುದುಕರು ಕೋಲೂರಿಕೊಂಡು ನನ್ನ ಕಡೆಗೇ ಬಂದಂತೆ. ಅರಿವೆ ಬಿಸಾಕಿ ಓಡಿದೆ. ಕಾವಲಿಗಿದ್ದ ದೊಡವಾಡದ ಕಾಕಾ ಬಡಿಗೆ ಹಿಡಿದು ಬಂದು, ಕಿವಿಗೊಟ್ಟು ಕೇಳಿ, ಬಡಿಗೆಯನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದ.

ಇಂಜಿನಿಯರ್ ಸಾಹೇಬರು ಬಂದು ನಕ್ಕರು. "ಏನೂ ಇಲ್ಲೋ ಕಾಕಾ. ಇಂಜಿನ್ ಒಳಗ ಫ್ಯಾನ್ ಐತಿ, ಅದರ ರೆಕ್ಕಿ ಸಡಲ ಇರತಾವು. ಗಾಳಿ ಹೊಕ್ಕೈತಿ, ಅದಕ್ಕ ತಿರಗಿ ಟಕ್ ಟಕ್ ಅನ್ನಾಕತ್ತೈತಿ."

ಕಾಕಾ ಕೈ ಮುಗಿದ. "ಗಾಳಿ ಹೊಕ್ಕೈತಿ ಅಂತ ನಾನೂ ಅದನ್ನ ಹೇಳಾಕತ್ತೇನ್ರಿ ಸಾಹೇಬ್ರ! ಗಾಳಿ ಬಿಡಸಾವರು ನಮ್ಮೂರಾಗ ಅದಾರು, ಕರಸ್ಲೇನು?"

ಕಿಟಕಿಯ ಕೈ

ರಿಪೇರಿಗೆ ಹೋಗಿ ಬಂದ ವಿಮಾನದ ಕಿಟಕಿಯೊಂದರ ಮೇಲೆ ಕೈ ಮೂಡಿತ್ತು. ಐದೂ ಬೆರಳು ಸ್ಪಷ್ಟ. ಹೊರಗಿನಿಂದ ಒರೆಸಿದೆ, ಹೋಗಲಿಲ್ಲ. ಒಳಗಿನಿಂದ ಒರೆಸಿದೆ, ಹೋಗಲಿಲ್ಲ. ಸಂಜೆಯ ಬಿಸಿಲು ಬಿದ್ದರೆ ಯಾರೋ ಒಳಗಿನಿಂದ "ತಡಿ" ಅಂದಂತೆ ಕಾಣುತ್ತಿತ್ತು. ಕಡೆಗೆ ತಿಳಿಯಿತು: ಕಿಟಕಿಗೆ ಒಂದರ ಹಿಂದೊಂದು ಗಾಜು, ಅವನ್ನು ಕೂಡಿಸಿದವನ ಕೈಗುರುತು ನಡುವೆ ಉಳಿದಿತ್ತು.

ಬಿಚ್ಚಿಸುವ ಮೊದಲೇ ಮಾಲಕರ ತಾಯಿ ಕಿತ್ತೂರಿನಿಂದ ಬಂದು ಅದನ್ನು ನೋಡಿಬಿಟ್ಟರು. "ನಮ್ಮ ಯಜಮಾನ್ರ ಕೈ! ಹೋದರೂ ಮಗನ್ನ ಬಿಟ್ಟಿಲ್ಲ" ಎಂದು ಕಣ್ಣೀರು ಹಾಕಿ, ಗಾಜಿಗೆ ವಿಭೂತಿ ಹಚ್ಚಿ, ಯಾರೂ ಮುಟ್ಟಬಾರದೆಂದು ಹೇಳಿ ಹೋದರು.

ಅವತ್ತಿನಿಂದ ಮಾಲಕರು ಆ ಕಿಟಕಿಯ ಹತ್ತಿರ ಕೂಡುವುದೇ ಇಲ್ಲ. ಯಾಕೆಂದು ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು: "ಅವ್ವಗ ಅದು ಆಶೀರ್ವಾದ ಕಾಣತೈತಿ. ನನಗ ಅಪ್ಪ ಕಪಾಳಕ್ಕ ಎತ್ತಿದ್ದು ಕಾಣತೈತಿ."

ಡಿಕ್ಕಿಯೊಳಗಿನ ದನಿ

ಆಯುಧಪೂಜೆಯ ಹಿಂದಿನ ದಿನ. ವಿಮಾನದ ಬಾಲದ ಹತ್ತಿರ ಸಾಮಾನು ಇಡುವ ಡಿಕ್ಕಿ ಇದೆ. ಅದರೊಳಗೆ ಮುದುಡಿಕೊಂಡು ಧೂಳು ತೆಗೆಯುತ್ತಿದ್ದೆ. ಗಾಳಿಗೆ ಬಾಗಿಲು ಧಡ್ ಎಂದು ಬಿದ್ದು ಹಾಕಿಕೊಂಡಿತು. ಕಗ್ಗತ್ತಲು. ಒದ್ದೆ, ಗುದ್ದಿದೆ, ಮೈಯೆಲ್ಲ ಬೆವರು. ಕಡೆಗೆ ಹೊರಗೆ ಕೆಮ್ಮಿದ್ದು ಕೇಳಿ ಜೀವ ಬಂತು. ಪೂಜೆ ಸಾಮಾನು ತಂದಿದ್ದ, ಮಾಲಕರ ಬೈಲಹೊಂಗಲ ಆಫೀಸಿನ ಗುಮಾಸ್ತರು!

"ರೀ, ತಗೀರಿ!" ಎಂದು ಬಡಿದೆ.

ಹೊರಗಿನಿಂದ ಗುಮಾಸ್ತರ ದನಿ: "ಯಾ... ಯಾರು?"

"ನಾನ್ರಿ, ವಿಮಾನ ಒರಸಾವ!"

"ಸುಳ್ಳು! ಅಂವಾ ಚಾ ಕುಡ್ಯಾಕ ಹೋಗ್ಯಾನಂತ ಕಾಕಾ ಹೇಳ್ಯಾನ. ಖರೆ ಹೇಳು, ನೀ ಯಾರು?"

"ನಾನ ರೀ! ಲಗೂನ ತಗೀರಿ, ಉಸರ ಸಿಗವಲ್ದು!"

"ಉಸರ ಸಿಗದ ಸತ್ತಿಯೇನಪಾ?" ದನಿಯಲ್ಲಿ ಕರುಣೆ ಬಂತು. "ಹೆಂಡ್ರು ಮಕ್ಕಳು ಅದಾರೇನು?"

"ಅದಾರ್ರಿ!"

"ಹಂಗಾರ ಅವರ ಹಂತ್ಯಾಕ ಹೋಗು, ನಮ್ಮನ್ಯಾಕ ಕಾಡತಿ?"

ನಾನು ಅಳುವುದೊಂದು ಬಾಕಿ. ಅಷ್ಟರಲ್ಲಿ ಫಟ್ ಎಂದು ಕಾಯಿ ಒಡೆದ ಸಪ್ಪಳ. ಅದೇ ಗಳಿಗೆಗೆ ಗದ್ದಲ ಕೇಳಿ ಓಡಿ ಬಂದ ಪೈಲಟ್ ಬಾಗಿಲು ತೆಗೆದರು. ತಲೆಯಿಂದ ಕಾಲಿನವರೆಗೆ ಬೂದಿಬಣ್ಣದ ಧೂಳು ಮೆತ್ತಿಕೊಂಡ ನಾನು ಉರುಳಿ, ಗುಮಾಸ್ತರ ಕಾಲ ಮೇಲೆಯೇ ಬಿದ್ದೆ.

ಅವರು ಕದಲಲಿಲ್ಲ. ಒಂದು ಕೈಯಲ್ಲಿ ತೆಂಗಿನ ಹೋಳು ಹಿಡಿದು, ಪೈಲಟ್ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದರು:

"ನೋಡಿದ್ರಿ? ಒಂದ ಕಾಯಿಗೆ ಹೊರಗ ಬಂತು!"