ಮುಂದಿನ ಗಾಡಿಯ ಗಂಟು

ತೊಂದರೆ ಶುರುವಾದದ್ದು ಒಂದು ಸುತ್ತೋಲೆಯಿಂದ. "ಗ್ರಾಮಾಂತರ ಪ್ರದೇಶದಲ್ಲಿ ಜೀಪು ಚಲಾಯಿಸುವಾಗ ಹೊಲದ ಗೇಟುಗಳನ್ನು ತೆರೆಯುವ ಹಾಗೂ ಮುಚ್ಚುವ ಬಗ್ಗೆ" ಎಂಬ ವಿಷಯದ ಮೇಲೆ ಚಾಮರಾಜಪೇಟೆಯ ವೆಂಕಟಾಚಲ ಎರಡು ಪುಟ ಟೈಪು ಮಾಡಿಸಿದ. ಪಕ್ಕದ ಮನೆಯ ಕೈಲಾಸನಿಗೆ ಒಂದು ಪ್ರತಿ, ಕೈಲಾಸನ ತಾಯಿ ವಿಶಾಲಾಕ್ಷಮ್ಮನಿಗೆ ಒಂದು ಪ್ರತಿ ಕೊಟ್ಟು ಬಂದ. ಮೂರನೆಯದನ್ನು ಹೆಂಡತಿ ರಂಗನಾಯಕಿಗೆ ಕೊಟ್ಟು, ತಲುಪಿದ್ದಕ್ಕೆ ಸಹಿಯನ್ನೂ ಹಾಕಿಸಿಕೊಂಡ. ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿದವನ ಕೈ ಸುಮ್ಮನಿರುತ್ತದೆಯೇ?

ಸುತ್ತೋಲೆಯ ಹಿಂದೆ ಒಂದು ವರ್ಷದ ಸಂಕಟವಿತ್ತು. ಕೈಲಾಸನದು ಹೊಸ ಜೀಪು. ವೆಂಕಟಾಚಲನದು ಹರಾಜಿನಲ್ಲಿ ಹಿಡಿದದ್ದು, ಏರು ಬಂದರೆ ಮುದುಕರಂತೆ ನಿಂತು ಕೆಮ್ಮುತ್ತಿತ್ತು. ಭಾನುವಾರ ಎರಡೂ ಮನೆಯವರು ಹಳ್ಳಿಗಾಡು ಸುತ್ತಲು ಹೊರಟರೆ ಮುಂದೆ ಕೈಲಾಸ, ಹಿಂದೆ ಅವನ ಧೂಳು ಕುಡಿಯುತ್ತ ವೆಂಕಟಾಚಲ. ಆದರೆ ಹೋದ ತಿಂಗಳು ಕೈಲಾಸ ಒಂದು ಹೊಲದ ಗೇಟನ್ನು ಹಾಕದೆ ಬಂದು, ಮೇಕೆಗಳೆಲ್ಲ ಹುರುಳಿಗೆ ನುಗ್ಗಿ, ಊರವರು ಎರಡೂ ಜೀಪುಗಳನ್ನು ಅರ್ಧ ಮೈಲಿ ಹಿಮ್ಮುಖವಾಗಿಯೇ ಓಡಿಸಿ ಕಳಿಸಿದ್ದರು. ಆಗಲೇ ವಿಶಾಲಾಕ್ಷಮ್ಮ ತೀರ್ಪು ಕೊಟ್ಟದ್ದು.

"ಈ ಸಲ ವೆಂಕಟಾಚಲ ಮುಂದೆ ಹೋಗ್ಲಿ. ಯಾರ ಹತ್ರಾನೂ ಬೈಸಿಕೊಳ್ಳದೆ ನಮ್ಮನ್ನ ಕೆರೆ ತೋರಿಸಿ ವಾಪಸ್ ಕರ್ಕೊಂಡು ಬಂದ್ರೆ, ಇನ್ಮೇಲೆ ಯಾವಾಗ್ಲೂ ಅವನದೇ ಮುಂದಿನ ಗಾಡಿ. ಒಂದೇ ಒಂದು ಬೈಗುಳ ಬಿತ್ತೋ, ಅಲ್ಲಿಗೆ ಮುಗೀತು."

ಹೀಗೆ ೧೯೯೮ರ ನವೆಂಬರಿನ ಒಂದು ಭಾನುವಾರ, ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಮಣ್ಣಿನ ದಾರಿಗೆ ಇಳಿದಾಗ, ಮೊದಲ ಬಾರಿಗೆ ವೆಂಕಟಾಚಲನ ಗಾಜಿನ ಮುಂದೆ ಧೂಳಿರಲಿಲ್ಲ. ಅವನ ಎದೆ ಸ್ಟೀರಿಂಗಿಗೆ ತಾಗುವಷ್ಟು ಉಬ್ಬಿತ್ತು.

ಮೊದಲ ಗೇಟು ಬಂತು. ಎರಡು ಕಲ್ಲುಕಂಬದ ತೂತಿಗೆ ಮೂರು ಬಿದಿರಿನ ಗಳ ಸಿಕ್ಕಿಸಿದ್ದು.

"ಇದು ಒಂದನೇ ಬಗೆ. ಕೆಳಗಿನ ಗಳ ಮೊದಲು ತೆಗಿ," ಎಂದ ವೆಂಕಟಾಚಲ ಸೀಟು ಬಿಟ್ಟೇಳದೆ.

"ಮೇಲಿಂದು ತೆಗೆದ್ರೆ ಏನಾಗತ್ತೆ?" ಎಂದಳು ರಂಗನಾಯಕಿ.

"ಸುತ್ತೋಲೇಲಿ ಕೆಳಗಿಂದು ಅಂತಿದೆ."

ರಂಗನಾಯಕಿ ಮೇಲಿನದನ್ನೇ ಮೊದಲು ಎಳೆದಳು. ಏನೂ ಆಗಲಿಲ್ಲ. ಎರಡು ಜೀಪೂ ದಾಟಿದ ಮೇಲೆ ಗಳಗಳನ್ನು ಮತ್ತೆ ಸಿಕ್ಕಿಸಿ, ಕೈಯ ಸಿಬಿರು ಕಿತ್ತುಕೊಳ್ಳುತ್ತ ಬಂದು ಕೂತಳು. ಅಷ್ಟರಲ್ಲಿ ಸ್ವಲ್ಪ ಮುಂದೆ ಹೋಗಿ ನಿಂತಿದ್ದ ಕೈಲಾಸ, ಹಿರಿಯರಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಕ್ಕ.

ಎರಡನೆಯ ಗೇಟಿನ ಕತೆ ಬೇರೆ. ನೀಲಿ ಬಣ್ಣದ ಕಬ್ಬಿಣದ ಗೇಟು, ಬಯಲಿನ ನಡುವೆ ಒಂಟಿಯಾಗಿ ನಿಂತಿತ್ತು. ಬೇಲಿಯನ್ನು ಯಾರೋ ಎಂದೋ ಕಿತ್ತೊಯ್ದಿದ್ದರು. ವೆಂಕಟಾಚಲ ಗಂಭೀರವಾಗಿ ಬ್ರೇಕು ಹಾಕಿದ.

"ವೆಂಕಟಣ್ಣ, ಪಕ್ಕದಲ್ಲಿ ಜಾಗ ಇದ್ಯಲ್ಲಾ!" ಎಂದು ಹಿಂದಿನಿಂದ ಕೈಲಾಸ ಕೂಗಿದ.

"ಗೇಟು ಗೇಟೇ ಕಣೋ. ಬೇಲಿ ಇಲ್ಲ ಅಂತ ಮರ್ಯಾದೆ ಕೊಡದೆ ಇರಕ್ಕಾಗತ್ತಾ?"

ರಂಗನಾಯಕಿ ಇಳಿದು ಗೇಟು ತೆಗೆದಳು. ಜೀಪು ರಾಜಗಾಂಭೀರ್ಯದಿಂದ ದಾಟಿತು. ಕೈಲಾಸ ಪಕ್ಕದ ಬಯಲಿನಲ್ಲೇ ನುಗ್ಗಿ ಬಂದ. ರಂಗನಾಯಕಿ ಗೇಟು ಹಾಕುವುದನ್ನು ಎರಡು ಎಮ್ಮೆಗಳು ನಿಂತು ನೋಡಿ, ಪಕ್ಕದಿಂದ ನಡೆದು ಹೋದವು.

ಮೂರನೆಯದೇ ಕಡೆಯದು. ಅದರ ಆಚೆಗೆ ತೆನೆ ಬಿಟ್ಟ ರಾಗಿಹೊಲ, ಹೊಲದ ಅಂಚಿಗೆ ದಾರಿ, ದಾರಿಯ ಕೊನೆಗೆ ಕೆರೆ ಏರಿ. ಬಿದಿರಿನ ತಡಿಕೆಯನ್ನು ಒಂದು ಕಂಬಕ್ಕೆ ನಾರಿನ ಹಗ್ಗದಿಂದ ಸುತ್ತಿದ್ದರು, ಅಷ್ಟೆ. ಕೈಲಾಸನ ಜೀಪು ದಾಟಿ ಏರಿಯ ಕಡೆ ಹೋದ ಮೇಲೆ ರಂಗನಾಯಕಿ ತಡಿಕೆ ಎಳೆದು ಹಗ್ಗವನ್ನು ಸುತ್ತಿ, ಹೂ ಕಟ್ಟುವವರು ಹಾಕುವಂಥ ಒಂದು ಕುಣಿಕೆ ಹಾಕಿದಳು.

ವೆಂಕಟಾಚಲನಿಗೆ ತಡೆಯಲಾಗಲಿಲ್ಲ. ಆ ದಿನ ಮೊದಲ ಬಾರಿಗೆ ಅವನೇ ಇಳಿದ.

"ಇದೇನು, ಗಾಂಧಿ ಬಜಾರಿನ ಮಲ್ಲಿಗೆ ದಂಡೇನಾ? ಸರಿ, ನೋಡು." ಹಗ್ಗವನ್ನು ಏಳು ಸುತ್ತು ಸುತ್ತಿ, ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ತೂರಿಸಿ, ಕಾಲನ್ನು ಕಂಬಕ್ಕೆ ಒತ್ತಿ ಎಳೆದು ಬ್ರಹ್ಮಗಂಟು ಹಾಕಿದ. "ಆನೆ ಬಂದ್ರೂ ಬಿಚ್ಚಲ್ಲ."

"ನಾವು ಬಂದ್ರೆ?" ಎಂದಳು ರಂಗನಾಯಕಿ.

ವೆಂಕಟಾಚಲ ಹೋಗಿ ಜೀಪು ಸ್ಟಾರ್ಟ್ ಮಾಡಿದ.

ಕೆರೆ ತುಂಬಿತ್ತು. ಪುಳಿಯೋಗರೆ, ಮೊಸರನ್ನ ಮುಗಿದವು. ವಿಶಾಲಾಕ್ಷಮ್ಮ, "ಪರವಾಗಿಲ್ಲ ಕಣಪ್ಪ, ಇಲ್ಲೀವರೆಗೂ ಯಾರೂ ಬೈದಿಲ್ಲ," ಎಂದರು. ವೆಂಕಟಾಚಲ ಎಡಗೈಯಿಂದ ಮೀಸೆ ತಿರುವಿಕೊಂಡ. ಇನ್ನು ಮೂರೇ ಗೇಟು ದಾಟಿದರೆ ಮುಂದಿನ ಗಾಡಿ ಜನ್ಮಪೂರ್ತಿ ಅವನದು.

ಮೂರು ಗಂಟೆಗೆ ವಾಪಸ್ ಬಂದರೆ ತಡಿಕೆಯ ಮುಂದೆ ಒಬ್ಬ ಹೆಂಗಸು ಕುಡುಗೋಲು ಹಿಡಿದು ನಿಂತಿದ್ದಳು. ಹೊಲದ ಒಡತಿ ಹನುಮಕ್ಕ. ತಡಿಕೆಯ ಆಚೆಗೆ ದಪ್ಪನೆಯ ಹೋರಿಯೊಂದು ಬುಸುಗುಡುತ್ತಿತ್ತು.

"ಯಾರು ಕಟ್ಟಿದ್ದು ಈ ಗಂಟ್ನ?" ಹನುಮಕ್ಕನ ದನಿ ಕೆರೆಯವರೆಗೂ ಕೇಳಿಸಿರಬೇಕು. "ಮಧ್ಯಾನ್ನದಿಂದ ಕಾಯ್ತಾ ಇವ್ನಿ. ಯಾರು ಅಂತ ಹೇಳ್ರಿ!"

ವೆಂಕಟಾಚಲ ಕುಡುಗೋಲು ನೋಡಿದ. ಹಿಂದೆ ವಿಶಾಲಾಕ್ಷಮ್ಮ ಜೀಪಿನಿಂದ ಇಳಿಯುತ್ತಿರುವುದನ್ನೂ ನೋಡಿದ. ಬೈಗುಳ ಬೀಳುವುದಂತೂ ಖಂಡಿತ, ತನ್ನ ಮೇಲೆ ಬೀಳದಿದ್ದರೆ ಸಾಕು. ಅವನ ಬೆರಳು ತಾನಾಗಿಯೇ ಪಕ್ಕಕ್ಕೆ ತಿರುಗಿತು.

"ಇವಳು! ನಮ್ಮನೆಯವಳು ಕಟ್ಟಿದ್ದು. ನಾನು ಬೇಡ ಬೇಡ ಅಂತ ಹೇಳ್ದೆ, ಕೇಳ್ಬೇಕಲ್ಲ!"

ರಂಗನಾಯಕಿ ಗಂಡನ ಮುಖವನ್ನು ಒಮ್ಮೆ ನೋಡಿದಳು.

ಹನುಮಕ್ಕ ಕುಡುಗೋಲು ಕೆಳಗೆಸೆದು, ರಂಗನಾಯಕಿಯ ಎರಡೂ ಕೈ ಹಿಡಿದುಕೊಂಡಳು.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ! ಪಕ್ಕದ್ ಹೊಲದ ಈ ಹೋರಿ ಕೊಂಬಲ್ಲೇ ಹಗ್ಗ ಬಿಚ್ಚದು ಕಲ್ತುಬುಟ್ಟೈತೆ. ದಿನಾ ನನ್ ರಾಗಿ ಮೇಯ್ತಿತ್ತು. ಇವತ್ತು ಮಧ್ಯಾನ್ನದಿಂದ ಗುದ್ದಾಡ್ತಾ ಐತೆ, ಅಲ್ಲಾಡಿಸಕ್ಕೂ ಆಗಿಲ್ಲ. ಇಂಥಾ ಗಂಟ್ನ ನಮ್ಮಪ್ಪನ ಕಾಲ್ದಿಂದ ನೋಡಿಲ್ಲ!"

ವೆಂಕಟಾಚಲನ ಎದೆಯಲ್ಲಿ ಹೆಮ್ಮೆ ಉಕ್ಕಿ ಬಂತು.

"ಅದು... ನಿಜ ಹೇಳ್ಬೇಕಂದ್ರೆ, ಕಟ್ಟಿದ್ದು ನಾನೇ," ಎಂದ.

"ಅಯ್ಯೋ ನಿಮ್ಮ! ಬೈಗುಳ ಆದ್ರೆ ಹೆಂಡ್ತಿಗೆ, ಹೊಗಳಿಕೆ ಆದ್ರೆ ನಿಮ್ಗಾ?" ಎಂದಳು ಹನುಮಕ್ಕ. "ಕಟ್ಟಿದ್ದು ನೀವೇ ಆದ್ರೆ ಬಿಚ್ಚಿ, ನೋಡನ."

ವೆಂಕಟಾಚಲ ಗಂಟಿನ ಮೇಲೆ ಬಿದ್ದ. ಉಗುರು ಹಾಕಿದ, ಹಲ್ಲು ಹಾಕಿದ, ಕೈಲಾಸ ಕೊಟ್ಟ ಸ್ಕ್ರೂಡ್ರೈವರು ಹಾಕಿದ. ಆಚೆಗಿದ್ದ ಹೋರಿ, ತನ್ನಿಂದಲೇ ಆಗದ್ದು ಇವನಿಂದಾಗುತ್ತದೆಯೇ ಎಂಬಂತೆ ಮೂಸಿ ನೋಡಿತು. ಕಾಲು ಗಂಟೆಯಾದ ಮೇಲೆ ಅವನ ಹಣೆಯಲ್ಲಿ ಬೆವರು ಸುರಿಯುತ್ತಿತ್ತು, ಗಂಟು ಹಾಗೇ ಇತ್ತು.

"ಪಕ್ಕಕ್ಕೆ ಸರೀರಿ," ಎಂದಳು ರಂಗನಾಯಕಿ. ತಲೆಯಿಂದ ಒಂದು ಹೇರ್‌ಪಿನ್ನು ತೆಗೆದು, ಅಲ್ಲಿ ಚುಚ್ಚಿ ಇಲ್ಲಿ ಸಡಿಲಿಸಿ, ಎರಡು ನಿಮಿಷದಲ್ಲಿ ಹಗ್ಗವನ್ನು ನೀಟಾಗಿ ಬಿಚ್ಚಿ ಕಂಬಕ್ಕೆ ನೇತುಹಾಕಿದಳು.

"ಕಟ್ಟಿದ ಕೈಗೇ ಗೊತ್ತು ನೋಡು ಬಿಚ್ಚೋದು!" ವಿಶಾಲಾಕ್ಷಮ್ಮ ಚಪ್ಪಾಳೆ ತಟ್ಟಿದರು.

"ಪ್ರತಿ ವಾರ ಬನ್ನಿ," ಎಂದಳು ಹನುಮಕ್ಕ, ಹೋರಿಯನ್ನು ಅಟ್ಟುತ್ತ. "ಆದ್ರೆ ಈ ಯಮ್ಮ ಮುಂದಿನ್ ಗಾಡೀಲಿರ್ಬೇಕು. ಇಲ್ದಿದ್ರೆ ಬುಡಾಕಿಲ್ಲ."

ಕೈಲಾಸ ಒಂದು ಕ್ಷಣವೂ ತಡಮಾಡಲಿಲ್ಲ. ತನ್ನ ಹೊಸ ಜೀಪಿನ ಮುಂದಿನ ಬಾಗಿಲು ತೆಗೆದು ಹಿಡಿದ. "ಬನ್ನಿ ರಂಗಕ್ಕ. ಇದ್ರಲ್ಲಿ ಸೀಟು ಮೆತ್ತಗಿದೆ."

"ಒಂದು ಮಾತು ಹೇಳೇ, ನಾನೇ ಕಟ್ಟಿದ್ದು ಅಂತ," ಎಂದು ವೆಂಕಟಾಚಲ ಹೆಂಡತಿಯ ಕಿವಿಯಲ್ಲಿ ಗೋಗರೆದ.

"ನಾನು ಕಟ್ಟಿದೆ ಅಂತ ನಾನೆಲ್ಲಿ ಹೇಳ್ದೆ? ನೀವೇ ತಾನೇ ಹೇಳಿದ್ದು," ಎನ್ನುತ್ತ ರಂಗನಾಯಕಿ ಸೆರಗು ಹೊದ್ದು, ಪಟ್ಟಕ್ಕೇರುವವಳಂತೆ ಮುಂದಿನ ಸೀಟಿಗೆ ಏರಿದಳು.

ಎರಡೂ ಜೀಪುಗಳು ದಾಟಿದ ಮೇಲೆ ವೆಂಕಟಾಚಲ ಇಳಿದು ಹೋಗಿ ತಡಿಕೆ ಎಳೆದ. ಏನೇ ಆಗಲಿ, ಈ ಜಿಲ್ಲೆಯಲ್ಲಿ ಇಂಥ ಗಂಟು ಹಾಕುವವನು ತಾನೊಬ್ಬನೇ ಎಂಬ ಹೆಮ್ಮೆಯನ್ನು ಯಾರೂ ಕಸಿಯುವಂತಿರಲಿಲ್ಲ. ಹಗ್ಗವನ್ನು ಕೈಗೆತ್ತಿಕೊಂಡು, ಕಾಲನ್ನು ಕಂಬಕ್ಕೆ ಒತ್ತಿದ.

ಮುಂದಿನ ಗಾಡಿಯಿಂದ ವಿಶಾಲಾಕ್ಷಮ್ಮ ಕೂಗಿದರು:

"ಏ ವೆಂಕಟಾಚಲ, ನೀನು ಕಟ್ಟಕ್ಕೆ ಹೋಗ್ಬೇಡಪ್ಪ, ಕೆಡಿಸಿಬಿಡ್ತೀಯ! ರಂಗನಾಯಕಿ ಬರ್ತಾಳೆ. ಅಲ್ಲೀವರೆಗೂ ಹಗ್ಗ ಹಿಡ್ಕೊಂಡಿರು ಸಾಕು."